ಕೂಗದ ಚೀಟಿ

ಚಂದ್ರವ್ವನ ಹತ್ತಡಿಯ ಮನೆಯಲ್ಲಿ ಈಗ ಮೂರು ಶಾಲು, ಎರಡು ಹಣ್ಣಿನ ಬುಟ್ಟಿ, ಸುತ್ತಿಟ್ಟ ಒಂದು ಫ್ಲೆಕ್ಸು. ಅವ್ವ ಮಗಳು ಕಾಲು ಚಾಚಲು ಜಾಗವಿಲ್ಲ. ಮೇಲೆ ಶೀಟು, ಮಧ್ಯಾಹ್ನವಾದರೆ ಕೆಳಗೆ ಕೂತವರ ನೆತ್ತಿ ಕಾಯುತ್ತದೆ. ಇಂಥ ಮನೆಗೆ ಹುಡುಕಿಕೊಂಡು ಬಂದು ಶಾಲು ಹೊದಿಸುವವರ ಬುದ್ಧಿಗೆ ಏನೆನ್ನಬೇಕೋ!

ಮಗಳು ಕೀರ್ತಿಗೆ ನೆದರ್ಲೆಂಡ್ಸಿನಲ್ಲಿ ಹತ್ತು ತಿಂಗಳು ಓದಲು ಫೆಲೋಶಿಪ್ ಸಿಕ್ಕಿತ್ತು. ಸುದ್ದಿ ಚಿಕ್ಕಬಾಣಾವರದಲ್ಲಿ ಹಬ್ಬಿದ್ದೇ ತಡ, ದೊಡ್ಡವರೆಲ್ಲ ಬಂದರು. ಸಂಘದವರು ಬಂದರು, ಗಾರ್ಮೆಂಟ್ಸಿನ ಮ್ಯಾನೇಜರು ಬಂದರು, ಮುಂದಿನ ಸಲ ಓಟಿಗೆ ನಿಲ್ಲುವವರೊಬ್ಬರು ಬಂದು ಫ್ಲೆಕ್ಸನ್ನೂ ಕಟ್ಟಿಸಿದರು. ಅದರಲ್ಲಿ ಅವರ ಮುಖ ಕುಂಬಳಕಾಯಿಯಷ್ಟು, ಕೀರ್ತಿಯದು ನಿಂಬೆಹಣ್ಣಿನಷ್ಟು. ಫೋಟೊ ತೆಗೆಸಿಕೊಂಡರು, ಹೋದರು. ದುಡ್ಡು ಮಾತ್ರ ಯಾರ ಜೇಬಿನಿಂದಲೂ ಈಚೆ ಬರಲಿಲ್ಲ.

"ಶಾಲ್ ಹೊತಗೊಂಡ ವಿಮಾನ ಹತ್ತಾಕ ಬಿಡ್ತಾರೇನ?" ಎಂದು ಚಂದ್ರವ್ವ ಕೇಳಿದಳು.

"ಇಲ್ಲ ಬೇ," ಕೀರ್ತಿ ನಕ್ಕಳು. "ಟಿಕೆಟ್ ಕೇಳ್ತಾರ."

ಫೆಲೋಶಿಪ್ ಎಂದರೆ ಎಲ್ಲವನ್ನೂ ಅವರೇ ಕೊಡುತ್ತಾರೆ ಎಂದು ಚಂದ್ರವ್ವ ತಿಳಿದಿದ್ದಳು. ಕೊಡುತ್ತಾರೆ, ಸುಳ್ಳಲ್ಲ. ಆದರೆ ಮೊದಲು ನೀವು ಖರ್ಚು ಮಾಡಬೇಕು, ಅಲ್ಲಿಗೆ ಹೋಗಿ ಬಿಲ್ಲು ತೋರಿಸಬೇಕು, ಆಮೇಲೆ ಕೊಡುತ್ತಾರೆ. ವಿಮಾನ, ವೀಸಾ, ವಿಮೆ, ಮೊದಲ ತಿಂಗಳ ಬಾಡಿಗೆ ಸೇರಿ ತೊಂಬತ್ತೆಂಟು ಸಾವಿರ. ಅದೂ ಬರುವ ಗುರುವಾರದೊಳಗೆ. ಇಲ್ಲವಾದರೆ ಸೀಟು ಸರದಿಯಲ್ಲಿ ನಿಂತ ಇನ್ನೊಬ್ಬರಿಗೆ. ಅಲ್ಲ ಸ್ವಾಮಿ, ಅಷ್ಟು ದುಡ್ಡಿದ್ದವರಿಗೆ ಫೆಲೋಶಿಪ್ ಯಾಕೆ ಬೇಕು? ಉಳ್ಳವರು ಕೂತು ಮಾಡಿದ ಕಾನೂನು. ಮೇಲೆ ಮಾತ್ರ ಬಡವರಿಗೆ ನೆರವು ಎಂದು ಬರೆದಿದ್ದಾರೆ.

ಕೀರ್ತಿಯ ಗೆಳತಿಯರು ಮೊಬೈಲಿನಲ್ಲಿ ಹಣ ಎತ್ತಲು ನೋಡಿದರು. ಒಂಬೈನೂರು ಜನ ಹೆಬ್ಬೆರಳು ಎತ್ತಿದರು, ಇನ್ನೂರು ಜನ ಕೈ ಮುಗಿದರು. ಬಂದದ್ದು ಸಾವಿರದ ಇನ್ನೂರು ರೂಪಾಯಿ. ಬ್ಯಾಂಕಿನವರು ಜಮೀನಿನ ಪತ್ರ ಕೇಳಿದರು. ಜಮೀನಿದ್ದಿದ್ದರೆ ಚಂದ್ರವ್ವ ಗಂಡ ತೀರಿದ ಮೇಲೆ ಬಾಗಲಕೋಟೆ ಬಿಟ್ಟು, ಗೊರಗುಂಟೆಪಾಳ್ಯದ ಗಾರ್ಮೆಂಟ್ಸಿನಲ್ಲಿ ಅಂಗಿಯ ದಾರ ಕತ್ತರಿಸಲು ಯಾಕೆ ಬರುತ್ತಿದ್ದಳು?

ಉಳಿದದ್ದು ಓನರಮ್ಮನ ಚೀಟಿ.

ಓನರಮ್ಮ ಎಂದರೆ ಗಂಗರತ್ನಮ್ಮ. ಆಕೆಯ ಗಂಡ ವೆಂಕಟರಾಮಯ್ಯನವರ ರಾಗಿ ಹೊಲವಿದ್ದ ಕಡೆ ಈಗ ಸಾಲಾಗಿ ಇಪ್ಪತ್ತು ಬಾಡಿಗೆ ಮನೆಗಳಿವೆ. ಎದುರಿಗೆ ಅವರದೇ ನಾಲ್ಕಂತಸ್ತಿನ ಮನೆ. ಚೀಟಿಯಲ್ಲಿ ಇಪ್ಪತ್ತು ಜನ: ವಠಾರದ ಹತ್ತೊಂಬತ್ತು ಹೆಂಗಸರು ಮತ್ತು ಗಂಗರತ್ನಮ್ಮ. ತಿಂಗಳಿಗೆ ತಲಾ ಐದು ಸಾವಿರ, ಕೂಡಿದರೆ ಒಂದು ಲಕ್ಷ. ಮೊದಲ ತಿಂಗಳ ಲಕ್ಷ ನಡೆಸುವವಳಿಗೆ, ಪೂರ್ತಿಯಾಗಿ. ಆಮೇಲೆ ಪ್ರತಿ ತಿಂಗಳು ಕೂಗು. ಅವಸರ ಇದ್ದವಳು "ಹತ್ತು ಸಾವಿರ ಬಿಡ್ತೀನಿ" ಅನ್ನಬೇಕು, ಅವಳಿಗಿಂತ ಅವಸರದವಳು "ಹದಿನೈದು" ಅನ್ನಬೇಕು. ಹೆಚ್ಚು ಬಿಟ್ಟವಳಿಗೆ ಆ ತಿಂಗಳ ಚೀಟಿ. ಬಿಟ್ಟ ದುಡ್ಡು ಎಲ್ಲರಿಗೂ ಹಂಚಿಕೆಯಾಗಬೇಕು. ಎಲ್ಲ ಕಡೆ ನಡೆಯುವುದೂ ಹಾಗೆಯೇ. ಗಂಗರತ್ನಮ್ಮನ ಚೀಟಿಯಲ್ಲಿ ಮಾತ್ರ ಅರ್ಧ ಹಂಚಿಕೆ, ಅರ್ಧ "ನಡೆಸೋ ಖರ್ಚು". ಆ ಖರ್ಚು ಏನು ಎಂದು ಕೇಳುತ್ತೀರಾ? ಅರ್ಧರ್ಧ ಲೋಟ ಟೀ.

ಶುಕ್ರವಾರ ಸಂಜೆ ಚಂದ್ರವ್ವ ಓನರಮ್ಮನ ಬಾಗಿಲಿಗೆ ಹೋಗಿ ನಿಂತಳು.

"ಈ ಸಲದ ಚೀಟಿ ನನಗ ಪೂರಾ ಬಿಡಸ್ರಿ. ಪುಣ್ಯಾ ಬರ್ತೈತಿ ನಿಮಗ."

"ಅಯ್ಯೋ ಚಂದ್ರವ್ವಾ, ನಿನ್ ಮಗಳು ನನ್ ಮಗಳಿದ್ದಂಗೆ ಕಣಮ್ಮಿ," ಎಂದಳು ಗಂಗರತ್ನಮ್ಮ. "ನಮ್ ಬೋರ್ ನೀರ್ನಾಗೆ ಇಸ ಐತೆ ಅಂತ ಬರ್ದವ್ಳಂತಲ್ಲ, ನಾನೇನಾರ ಅಂದ್ನಾ? ನಂದು ದೊಡ್ಡ ಮನ್ಸು. ಆದ್ರೆ ಚೀಟಿ ಅಂದ್ಮೇಲೆ ಚೀಟಿ. ಮೂವತ್ತು ಬಿಡು, ನಿಂದೇ."

ಬರೆದದ್ದು ನಿಜ. ಕೀರ್ತಿ ಪರಿಸರ ವಿಜ್ಞಾನ ಓದಿದವಳು. ವಠಾರದ ಹೆಂಗಸರ ಕೈಗೆ ಬಾಟಲಿ ಕೊಟ್ಟು, ಎರಡು ವರ್ಷ ವಾರಕ್ಕೊಮ್ಮೆ ನೀರು ಹಿಡಿಸಿ ಪರೀಕ್ಷೆ ಮಾಡಿದ್ದಳು. ಕಾರ್ಖಾನೆಗಳ ಕೊಳೆ ನೆಲಕ್ಕಿಳಿದು ಬೋರ್‌ವೆಲ್ ಸೇರಿದೆ ಎಂದು ಕಂಡುಹಿಡಿದಳು. ಅಂಥ ನೀರನ್ನು ಕಡಿಮೆ ಖರ್ಚಿನಲ್ಲಿ ತಿಳಿಯಾಗಿಸುವುದನ್ನು ಕಲಿಯಲೆಂದೇ ಅವಳು ಹೊರಟಿರುವುದು.

"ಮೂವತ್ತ ಬಿಟ್ರ ಎಪ್ಪತ್ತ ಉಳೀತೈತ್ರಿ," ಎಂದಳು ಚಂದ್ರವ್ವ. "ಕಮ್ಮಿ ಬಿದ್ದದ್ದಕ್ಕ ಏನ್ ಮಾಡ್ಲಿ?"

"ಅದ್ಕೇನಂತೆ, ನಾನೇ ಕೊಡ್ತೀನಿ. ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಅದೂ ನಿನ್ ಮೊಕ ನೋಡಿ." ಆಮೇಲೆ ದನಿ ಇಳಿಸಿದಳು. "ಉಸಾರು ಕಣಮ್ಮಿ. ವನಿತಾನೂ ಮೂವತ್ತಕ್ಕೆ ಕೂಗ್ತೀನಿ ಅಂದವ್ಳೆ."

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ವನಿತಾ ಪಕ್ಕದ ಮನೆಯವಳು, ಒಂದೇ ಗಾರ್ಮೆಂಟ್ಸಿನ ಗೆಳತಿ. ಅವಳೇ ಹೀಗೆ ಮಾಡುವುದೇ?

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ವನಿತಾ ಇವಳ ಪಕ್ಕ ಕೂರಲಿಲ್ಲ. ಮುಂದೆ ಹೋಗಿ ಕಿಟಕಿಗೆ ಮುಖ ಕೊಟ್ಟು ಕೂತಳು. ಚಂದ್ರವ್ವ ತಡೆಯಲಾರದೆ ಎದ್ದು ಹೋದಳು.

"ಯಾಕ ವನಿತಾ, ಮಾರಿ ತಿರುವಿ ಕುಂತಿ? ನಾ ಏನ್ ಮಾಡೇನಿ ನಿನಗ?"

"ಏನೂ ಇಲ್ಲ ತಾಯಿ. ಮೂವತ್ತಕ್ಕೆ ಕೂಗಿ ನನ್ ತಲೆ ಮೇಲೆ ಚಪ್ಪಡಿ ಎಳೀತೀಯಂತಲ್ಲ, ಎಳಿ. ನಮ್ಮೆಜಮಾನ್ರ ಆಟೋ ಫೈನಾನ್ಸ್‌ನೋರು ಎತ್ಕೊಂಡು ಹೋಗ್ಲಿ, ನಿಂಗೇನು?"

"ನಾ ಎಲ್ಲಿ ಕೂಗ್ತೀನಿ ಅಂದೆ? ನೀನ ಕೂಗಾಕಿ ಅಂತ ನನಗ ಹೇಳ್ಯಾರ!"

"ಯಾರು?"

"ಓನರಮ್ಮ."

"ಲೇ, ನಂಗೂ ಅವ್ರೇ ಕಣೇ ಹೇಳಿದ್ದು!"

ಹಿಂದಿನ ಸೀಟಿನಿಂದ ಹುಲಿಗೆವ್ವ ಎದ್ದು ಬಂದಳು. ವಠಾರದಲ್ಲಿ ಎಲ್ಲರಿಗಿಂತ ಹಿರಿಯಳು, ಇಸ್ತ್ರಿ ಮಾಡುವ ಕೆಲಸ, ಬಾಯಿಯೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ.

"ನನಗೂ ಹೇಳ್ಯಾಳ. ಚಂದ್ರವ್ವ, ವನಿತಾ ಇಬ್ರೂ ಮೂವತ್ತಕ್ಕ ತಯಾರ ಅದಾರ, ನೀ ಮೂವತ್ತೆರಡ ಅನ್ನು ಅಂದ್ಳು. ನಾ ಯಾಕ ಅನ್ನಲಿ? ನನಗ ಈ ತಿಂಗಳ ರೊಕ್ಕ ಬೇಕಾಗೇ ಇಲ್ಲ!"

ಬಸ್ಸಿನಲ್ಲಿ ಹತ್ತಾರು ಹೆಂಗಸರು ವಠಾರದವರೇ. ಒಬ್ಬೊಬ್ಬರೇ ಬಾಯಿ ಬಿಟ್ಟರು. ಎಲ್ಲರ ಕಿವಿಯಲ್ಲೂ ಅದೇ ಪಿಸುಮಾತು, ಹೆಸರು ಮಾತ್ರ ಬೇರೆ ಬೇರೆ. ಹಿಂದಿನ ನಾಲ್ಕು ಕೂಗಿನಲ್ಲೂ ಹೀಗೇ ಆಗಿತ್ತು. ಒಬ್ಬರ ಮೇಲೆ ಒಬ್ಬರು ಹಟಕ್ಕೆ ಬಿದ್ದು ಇಪ್ಪತ್ತೈದು, ಮೂವತ್ತು ಬಿಟ್ಟಿದ್ದರು; ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಬಿಟ್ಟ ದುಡ್ಡಿನಲ್ಲಿ ಅರ್ಧ ನಾಲ್ಕಂತಸ್ತಿನ ಮನೆ ಸೇರಿತ್ತು.

"ಥೂ, ಎಂಥಾ ದಡ್ಡರು ನಾವು!" ಎಂದಳು ವನಿತಾ.

"ನಾಳೆ ಯಾರೂ ಕೂಗೂದು ಬ್ಯಾಡ," ಎಂದಳು ಹುಲಿಗೆವ್ವ. "ಕೂಗಲಿಲ್ಲಂದ್ರ ಹೆಸರ ಬರದು ಡಬ್ಬ್ಯಾಗ ಹಾಕಿ ಎತ್ತಬೇಕು. ಅದು ಆಕೀದ ಕಾಯ್ದೆ."

ಎಲ್ಲರೂ ಹ್ಞೂಂ ಎಂದರು. ಚಂದ್ರವ್ವನೂ ಎಂದಳು, ಆಮೇಲೆ ಬೆರಳು ಮಡಿಸಿ ಎಣಿಸಿದಳು. ಚೀಟಿ ಎತ್ತದವರು ಇನ್ನೂ ಹದಿನೈದು ಜನ. ಹದಿನೈದರಲ್ಲಿ ತನ್ನ ಹೆಸರೇ ಬರಬೇಕಲ್ಲ! ಕೂಗಿದರೆ ಎಪ್ಪತ್ತಾದರೂ ಸಿಗುತ್ತಿತ್ತು. ಬಾಯಿ ಬಿಟ್ಟು ಹೇಳೋಣವೆಂದರೆ ನಾಚಿಕೆ. ಎಲ್ಲರಿಗೂ ಕಷ್ಟವಿದೆ, ನನ್ನದೊಂದೇ ದೊಡ್ಡದೇ ಎಂದುಕೊಂಡು ಸುಮ್ಮನಾದಳು.

ಭಾನುವಾರ ಹನ್ನೊಂದು ಗಂಟೆಗೆ ಗಂಗರತ್ನಮ್ಮನ ಮನೆಯ ಕಾರು ಹೊರಗೆ ನಿಂತಿತು, ಕಾರಿನ ಜಾಗದಲ್ಲಿ ಚಾಪೆ ಬಿತ್ತು. ಹತ್ತೊಂಬತ್ತು ಹೆಂಗಸರೂ ಬಂದರು. ಎಲ್ಲರ ಹತ್ತಿರವೂ ಐದೈದು ಸಾವಿರ ಇತ್ತು. ಕೂಗು ಮುಗಿದು, ತಲೆಗೆಷ್ಟು ಕಡಿತವೆಂದು ತಿಳಿದ ಮೇಲೆಯೇ ದುಡ್ಡು ಕೊಡುವುದು ರೂಢಿ. ಸೊಸೆ ಮೋನಿಕಾ ಟೀ ಕೊಟ್ಟಳು. ಕೀರ್ತಿ ಗೇಟಿನ ಹತ್ತಿರ ನಿಂತಿದ್ದಳು.

"ಊಂ, ಕೂಗ್ರಮ್ಮಾ," ಎಂದಳು ಗಂಗರತ್ನಮ್ಮ.

ಯಾರೂ ತುಟಿ ಬಿಚ್ಚಲಿಲ್ಲ.

"ಯಾಕ್ರಮ್ಮೀ? ಬಾಯಿಗೆ ಬೀಗ ಆಕ್ಕೊಂಡು ಬಂದಿದ್ದೀರಾ?"

ವನಿತಾ ಬಾಯಿ ತೆರೆದಳು. ಚಂದ್ರವ್ವ ತಟ್ಟನೆ ಅವಳ ಕಡೆ ತಿರುಗಿದಳು. ವನಿತಾ ಉದ್ದಕ್ಕೆ ಆಕಳಿಸಿ ಬಾಯಿ ಮುಚ್ಚಿದಳು.

"ವನಿತಾ, ಆಟೋ ಕಂತು ಕಟ್ಬೇಕು ಅಂತಿದ್ದೆ?"

"ಹೆಂಗೋ ಕಟ್ತೀವಿ ಬಿಡಿ ಓನರಮ್ಮ."

"ಚಂದ್ರವ್ವಾ, ನೀನು? ಮಗಳನ್ನ ಕಳ್ಸಲ್ವಾ? ಗುರುವಾರ ಎಷ್ಟು ದಿನ ಐತೆ?"

ಚಂದ್ರವ್ವ ಗೇಟಿನ ಕಡೆ ನೋಡಿದಳು. ಮಗಳು ನೆಲ ನೋಡುತ್ತ ನಿಂತಿದ್ದಳು. ಎರಡು ವರ್ಷ ಬಿಸಿಲಲ್ಲಿ ಬಾಟಲಿ ಹೊತ್ತು ಅಲೆದ ಮಗಳು. ಅವ್ವನ ಕರುಳು ತಡೆಯಲಿಲ್ಲ. "ಮೂ..." ಎಂದಳು. ಅಷ್ಟರಲ್ಲಿ ಹುಲಿಗೆವ್ವ ಅವಳ ತೊಡೆ ಚಿವುಟಿದಳು. ಎಂಥ ಚಿವುಟು ಎಂದರೆ ಚಂದ್ರವ್ವನ ಕಣ್ಣಲ್ಲಿ ನೀರೇ ಬಂತು.

"ಆಕಿಗೆ ಮೂಗ ಕಡ್ಯಾಕತ್ತೈತಂತ್ರಿ," ಎಂದಳು ಹುಲಿಗೆವ್ವ. "ಕೂಗವರು ಯಾರೂ ಇಲ್ಲ. ಡಬ್ಬಿ ತರಸ್ರಿ."

ಗಂಗರತ್ನಮ್ಮ ಲೆಕ್ಕ ಹಾಕಿದಳು. ಒಂದು ತಿಂಗಳು ಕೂಗಿಲ್ಲದಿದ್ದರೆ ಏನಂತೆ? ಹದಿನೈದರಲ್ಲಿ ಯಾರಿಗೋ ಹೋಗುತ್ತದೆ. ಚಂದ್ರವ್ವ ಪೂರ್ತಿ ದುಡ್ಡಿಗೆ ತನ್ನ ಹತ್ತಿರವೇ ಬರಬೇಕು, ಬಡ್ಡಿಗೆ. ಡಬ್ಬಿ ತರಿಸಿದಳು. ಅವರವರ ಚೀಟಿ ಅವರವರೇ ಬರೆದು ಹಾಕಲಿ, ಆಮೇಲೆ ನನ್ನ ಮೇಲೆ ಅನುಮಾನ ಬೇಡ ಎಂದಳು. ಹದಿನೈದು ತುಂಡು ಕಾಗದ ಡಬ್ಬಿಗೆ ಬಿದ್ದವು. ಮೋನಿಕಾ ಕಣ್ಣು ಮುಚ್ಚಿ ಒಂದನ್ನು ಎತ್ತಿದಳು.

"ಚಂದ್ರವ್ವ."

ಚಂದ್ರವ್ವನಿಗೆ ಕೇಳಿಸಿದ್ದು ನಂಬಿಕೆಯಾಗಲಿಲ್ಲ. ಗೇಟಿನಿಂದ ಕೀರ್ತಿ ಓಡಿಬಂದು ಅವ್ವನನ್ನು ತಬ್ಬಿಕೊಂಡಳು. ಹೆಂಗಸರು ಚಪ್ಪಾಳೆ ತಟ್ಟಿದರು.

"ಅದೃಷ್ಟವಂತೆ ಬಿಡು," ಎಂದಳು ಗಂಗರತ್ನಮ್ಮ, ಹುಣಸೆಹಣ್ಣು ಕಚ್ಚಿದ ಮುಖ ಮಾಡಿ.

ಮೋನಿಕಾ ಉಳಿದ ಕಾಗದಗಳನ್ನು ಸುಮ್ಮನೆ ಬಿಡಿಸಿ ನೋಡುತ್ತಿದ್ದಳು. "ಅತ್ತೆ, ಇದ್ರಲ್ಲೂ ಚಂದ್ರವ್ವ ಅಂತಾನೇ ಇದೆ."

"ಏನು?"

"ಇದ್ರಲ್ಲೂ. ಇದ್ರಲ್ಲಿ ಕೀರ್ತಿ ಅವ್ವ ಅಂತಿದೆ. ಇದ್ರಲ್ಲಿ ಏನೂ ಬರೆದಿಲ್ಲ, ವಿಮಾನದ ಚಿತ್ರ ಇದೆ."

"ಅದು ನಂದ್ರಿ," ಎಂದಳು ಹುಲಿಗೆವ್ವ. "ನನಗ ಬರಿಯಾಕ ಬರಂಗಿಲ್ಲ."

ಹದಿನೈದರಲ್ಲೂ ಒಬ್ಬಳೇ. ಶನಿವಾರ ಊಟದ ಬಿಡುವಿನಲ್ಲಿ, ಚಂದ್ರವ್ವ ದಾರ ಕತ್ತರಿಸುತ್ತ ಉಳಿದಾಗ, ಮಿಕ್ಕವರೆಲ್ಲ ಮಾತಾಡಿಕೊಂಡು, ಸಂಜೆ ವಠಾರದಲ್ಲಿದ್ದವರಿಗೂ ಗುಟ್ಟಾಗಿ ತಿಳಿಸಿದ್ದರು. ಅವಳಿಗೆ ಹೇಳಿರಲಿಲ್ಲ, ಹೇಳಿದರೆ ಬೇಡವೆನ್ನುತ್ತಾಳೆ ಎಂದು ಗೊತ್ತಿತ್ತು. ಚಂದ್ರವ್ವ ಸೆರಗು ಬಾಯಿಗೊತ್ತಿಕೊಂಡು ಗಳಗಳ ಅತ್ತಳು.

ಗಂಗರತ್ನಮ್ಮ ಎದ್ದು ನಿಂತಳು. "ಮೋಸ! ಆಡಗಲೇ ಮೋಸ! ನಡಿಯಾಕಿಲ್ಲ ಇದು!"

"ಮೋಸ ಯಾರಿಗಾಯ್ತು ಓನರಮ್ಮ?" ವನಿತಾ ಕೂತಲ್ಲಿಂದಲೇ ಕೇಳಿದಳು. "ಹೆಸರು ಹೇಳಿ. ನಂಗಂತೂ ಆಗಿಲ್ಲ. ಹುಲಿಗೆವ್ವಾ, ನಿಂಗಾಯ್ತಾ?"

"ನನಗಿಲ್ಲವ್ವಾ."

ಹದಿನಾಲ್ಕು ಜನರನ್ನೂ ಕೇಳಿದಳು. ಯಾರಿಗೂ ಆಗಿರಲಿಲ್ಲ. ಗಂಗರತ್ನಮ್ಮ "ನಂಗೆ" ಎನ್ನಬೇಕೆಂದಿದ್ದಳು. ಹೇಗೆ ಮೋಸವಾಯಿತು ಎಂದು ಕೇಳಿಬಿಟ್ಟರೆ?

"ಮನೆ ಖಾಲಿ ಮಾಡುಸ್ತೀನಿ ಒಬ್ಬೊಬ್ಬರ್ದೂ!"

"ಒಬ್ಬೊಬ್ಬರ್ದು ಯಾಕೆ, ಹತ್ತೊಂಬತ್ತೂ ಒಂದೇ ದಿನ ಮಾಡ್ತೀವಿ. ಆ ಬೋರ್ ನೀರಿಗೆ ಬೇರೆಯೋರು ಬಾಡಿಗೆ ಕೊಟ್ಟು ಬರ್ತಾರಾ ನೋಡೋಣ. ಮುಂದಿನ ತಿಂಗಳೂ ಕೂಗಲ್ಲ, ಅದ್ರ ಮುಂದಿನ ತಿಂಗಳೂ ಕೂಗಲ್ಲ. ಯಾರಿಗೆ ಹೆಚ್ಚು ಅವಸರವೋ ನಾವೇ ಮಾತಾಡ್ಕೊಂಡು ಬರೀತೀವಿ."

ವನಿತಾ ತನ್ನ ಐದು ಸಾವಿರ ತೆಗೆದಳು. ಗಂಗರತ್ನಮ್ಮ ಕೈ ಚಾಚಿದಳು. ವನಿತಾ ಆ ಕೈಯನ್ನು ದಾಟಿಕೊಂಡು ಹೋಗಿ ಚಂದ್ರವ್ವನ ಮಡಿಲಿಗೆ ಹಾಕಿದಳು. ಹುಲಿಗೆವ್ವ ಹಾಕಿದಳು. ಈಗಾಗಲೇ ಚೀಟಿ ಎತ್ತಿ, ಇಪ್ಪತ್ತೈದು, ಮೂವತ್ತು ಬಿಟ್ಟು ಕೈ ಸುಟ್ಟುಕೊಂಡಿದ್ದ ನಾಲ್ವರೂ ಹಾಕಿದರು. ಕೀರ್ತಿ ಎಣಿಸಿದಳು. ಅವ್ವನದೂ ಸೇರಿ ತೊಂಬತ್ತೈದು ಸಾವಿರ.

"ಇನ್ನೊಂದ ಐದ ಕಮ್ಮಿ ಐತಲ್ಲ," ಎಂದಳು ಹುಲಿಗೆವ್ವ. "ಯಾರದು?"

ಎಲ್ಲರೂ ಗಂಗರತ್ನಮ್ಮನ ಕಡೆ ತಿರುಗಿದರು.

"ಮೊದ್ಲ ಚೀಟಿ ಪೂರ್ತಿ ಎತ್ಕೊಂಡೋರು ನೀವೇ ಅಲ್ವಾ ಓನರಮ್ಮ?" ವನಿತಾ ಕೇಳಿದಳು.

ಯಾರೂ ಏಳಲಿಲ್ಲ. ಟೀ ಲೋಟ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಭಾನುವಾರ; ಯಾರಿಗೂ ಬಸ್ಸು ಹಿಡಿಯುವ ಅವಸರವಿರಲಿಲ್ಲ.

"ಮೋನಿಕಾ," ಎಂದಳು ಗಂಗರತ್ನಮ್ಮ ಕೊನೆಗೆ. "ಬೀರು ಕೀ ತತ್ತಾ."

ಹತ್ತು ನೋಟು ತಂದು ಚಂದ್ರವ್ವನ ಮುಂದೆ ಹಿಡಿದಳು. "ತಗಾ. ಸರ್ಯಾಗೈತೆ."

ಒಂಬತ್ತು ವರ್ಷದಿಂದ ಓನರಮ್ಮ "ಸರ್ಯಾಗೈತೆ" ಎಂದರೆ ಸಾಕು, ಚಂದ್ರವ್ವ ತಲೆ ತಗ್ಗಿಸಿ ಹೊರಡುತ್ತಿದ್ದಳು. ಇವತ್ತು ಕಣ್ಣೊರೆಸಿಕೊಂಡಳು, ಬೆರಳಿಗೆ ಎಂಜಲು ಹಚ್ಚಿಕೊಂಡಳು, ಓನರಮ್ಮನನ್ನು ಎದುರಿಗೇ ನಿಲ್ಲಿಸಿಕೊಂಡು ಒಂದೊಂದೇ ನೋಟು ಎಣಿಸತೊಡಗಿದಳು.