ದಮಯಂತಿಯಕ್ಕ ಯಾಕೆ ಪ್ರಮಾಣ ಮಾಡಬೇಕು?

ತಪ್ಪು ಮಾಡದವರಿಗೆ ಪೊಲೀಸರ ಭಯ ಯಾಕೆ? ಈ ಮಾತನ್ನು ನೀವೂ ಯಾರಿಗಾದರೂ ಹೇಳಿರುತ್ತೀರಿ. ಮಡಿಕೇರಿಯಲ್ಲಿ ವಕೀಲಿ ಮಾಡುವ ನನಗೆ, ಹಂಸಿನಿಗೆ, ಇದನ್ನು ಕೇಳಿ ಕೇಳಿ ಸಾಕಾಗಿದೆ. ಕಳೆದ ತಿಂಗಳು ಒಂದು ಭಾನುವಾರ ಕಕ್ಕಬೆ ಹತ್ತಿರದ ತವರಿಗೆ ಹೋದರೆ ಅಲ್ಲೂ ಇದೇ ಮಾತು. ಅದಕ್ಕೆ ನನ್ನ ಅಪ್ಪನ ಒತ್ತಾಸೆ ಬೇರೆ.

ಅಪ್ಪ ವೆಂಕಟಕೃಷ್ಣ ಊರ ದೇವಸ್ಥಾನದ ಅರ್ಚಕರು. ನಾನು ಹೋದಾಗ ಪಕ್ಕದ ಮನೆಯ ದೇರಪ್ಪಣ್ಣ ನಮ್ಮ ಜಗಲಿಯಲ್ಲಿ ಕೂತಿದ್ದರು. ಅವರ ಹೆಂಡತಿ ದಮಯಂತಿಯಕ್ಕ ಕಂಬಕ್ಕೆ ಒರಗಿ ನಿಂತಿದ್ದರು, ಅತ್ತು ಅತ್ತು ಮುಖ ಊದಿತ್ತು. ಅವರದು ಚಿಕ್ಕ ಕಾಫಿ ತೋಟ. ಅದರ ಜೊತೆಗೆ ಅಕ್ಕ ಕೀರ್ತಿಕುಮಾರ್ ಎಂಬವರ ಹೋಮ್‌ಸ್ಟೇಯಲ್ಲಿ ರೂಮು ಗುಡಿಸಿ ಒರೆಸುವ ಕೆಲಸ ಮಾಡುತ್ತಾರೆ. ಹಿಂದಿನ ದಿನ ಅಲ್ಲಿ ಅತಿಥಿಯೊಬ್ಬರ ಚಿನ್ನದ ಸರ ಕಾಣೆಯಾಗಿತ್ತು. ಬೆಳಿಗ್ಗೆ ಠಾಣೆಯಿಂದ ಫೋನ್ ಬಂದಿತ್ತು: ದಮಯಂತಿ ಸಂಜೆ ಠಾಣೆಗೆ ಬರಬೇಕು. ಬರೀ ಫೋನು. ನೋಟಿಸ್ ಇಲ್ಲ, ಏನೂ ಇಲ್ಲ.

ದೇರಪ್ಪಣ್ಣನ ಹತ್ತಿರ ಉಪಾಯ ತಯಾರಿತ್ತು. ಮಧ್ಯಾಹ್ನದ ಪೂಜೆ ಹೊತ್ತಿಗೆ ಹೆಂಡತಿ ದೀಪ ಮುಟ್ಟಿ, ಸರ ತೆಗೆದಿಲ್ಲ ಎಂದು ದೇವರ ಮುಂದೆ ಪ್ರಮಾಣ ಮಾಡುವುದು. ಹಾಗೆ ಮಾಡಿದರೆ ಕೆಲಸಕ್ಕೆ ಬರಬಹುದು ಎಂದು ಕೀರ್ತಿಕುಮಾರ್ ಹೇಳಿದ್ದರಂತೆ. ಅಪ್ಪನೂ ಒಪ್ಪಿಬಿಟ್ಟಿದ್ದರು.

"ಪ್ರಮಾಣ ಒಂದು ಆಗಿಬಿಡ್ಲಿ. ಸಂಜೆ ಠಾಣೆಗೆ ಹೋಗಿ ಇದ್ದದ್ದು ಹೇಳಿ ಬಂದ್ರಾಯ್ತು. ತೆಗೀದೇ ಇದ್ದ ಮೇಲೆ ಹೆದರಿಕೆ ಎಂತಕ್ಕೆ?" ಎಂದರು ದೇರಪ್ಪಣ್ಣ.

ಹೋಗದಿದ್ದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದು ಅಪ್ಪ ಸೇರಿಸಿದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹೋದರೆ ಕದ್ದದ್ದಕ್ಕೇ ಕರೆಸಿದರು ಅನ್ನುತ್ತಾರೆ, ಹೋಗದಿದ್ದರೆ ಹೆಗಲು ಮುಟ್ಟಿಕೊಂಡಳು ಅನ್ನುತ್ತಾರೆ. ಮರ್ಯಾದೆಯಿಂದ ದುಡಿಯುವ ಹೆಂಗಸು ಎಲ್ಲಿಗೆ ಹೋಗಬೇಕು?

ಚೀಲವನ್ನು ಕೆಳಗಿಡುವ ಮೊದಲೇ ಶುರುಮಾಡಿದೆ. ಸಾಕ್ಷಿಯಾಗಿ ವಿಚಾರಿಸುವುದಾದರೆ ಹೆಂಗಸನ್ನು ಠಾಣೆಗೆ ಬಾ ಎಂದು ಪೊಲೀಸರು ಒತ್ತಾಯಿಸುವಂತಿಲ್ಲ. ಅವಳು ಇರುವ ಮನೆಗೇ ಬಂದು ಕೇಳಬೇಕು. ಅವಳ ಮೇಲೆಯೇ ಸಂಶಯ ಇದ್ದರೆ ಬರಹದಲ್ಲಿ ನೋಟಿಸ್ ಕೊಡಬೇಕು, ಅವಳು ವಕೀಲರ ಸಹಾಯ ಪಡೆಯಬಹುದು. ಆರೋಪ ಹೊತ್ತ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಸಂವಿಧಾನದ ಇಪ್ಪತ್ತನೇ ವಿಧಿ ಹೇಳುತ್ತದೆ. ಆ ರಕ್ಷಣೆ ಕೋರ್ಟಿನ ಒಳಗೆ ಮಾತ್ರ ಅಲ್ಲ, ಪೊಲೀಸರು ಪ್ರಶ್ನೆ ಕೇಳುವಾಗಲೂ ಇದೆ ಎಂದು ಸುಪ್ರೀಂ ಕೋರ್ಟು 1978ರಲ್ಲೇ ತೀರ್ಪು ಕೊಟ್ಟಿದೆ. ಅಷ್ಟು ವರ್ಷವಾದರೂ ನಮ್ಮ ಜಗಲಿಗೆ ಅದು ಬಂದು ಮುಟ್ಟಿಲ್ಲ.

"ಅದೆಲ್ಲ ದೊಡ್ಡವರಿಗೆ ಹಂಸಿನಿ. ನಮ್ಮಂಥವರಿಗೆ ಉಂಟಾ?" ಎಂದರು ದೇರಪ್ಪಣ್ಣ.

ಒಪ್ಪುತ್ತೇನೆ, ಆ ಕೇಸು ನಡೆಸಿದ್ದು ಒಡಿಶಾದ ಮಾಜಿ ಮುಖ್ಯಮಂತ್ರಿಯೊಬ್ಬರು. ಆದರೆ ನ್ಯಾಯಮೂರ್ತಿಗಳು ಇದು ದೊಡ್ಡವರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ. ಮುಖ್ಯಮಂತ್ರಿಗೆ ಸಿಕ್ಕಿದ ಹಕ್ಕೇ ರೂಮು ಗುಡಿಸುವವರಿಗೂ ಸಿಕ್ಕಿದೆ ಎಂದೆ. ದೇರಪ್ಪಣ್ಣ ತಲೆಯಾಡಿಸಿದರು, ನಂಬಿದ ಹಾಗೆ ಕಾಣಲಿಲ್ಲ. ಪ್ರಮಾಣ ಮಾಡುವುದರಲ್ಲಿ ನಷ್ಟ ಏನು ಎಂದು ಮತ್ತೆ ಅಲ್ಲಿಗೇ ಬಂದರು.

ನನ್ನ ತಾಳ್ಮೆ ಮುಗಿಯಿತು. "ನಷ್ಟ ಏನು ಅಂತೀರಾ? ನಾಳೆ ನಿಮ್ಮ ಹಸುಗೆ ಕಾಯಿಲೆ ಬಂದ್ರೆ ಊರು ಎಂತ ಹೇಳ್ತದೆ? ಸುಳ್ಳು ಪ್ರಮಾಣ ಮಾಡಿದ್ದಕ್ಕೇ ಅಂತ ಹೇಳ್ತದೆ. ಆ ಮನೆಯಲ್ಲಿ ನಿನ್ನೆ ಓನರ್ ಇದ್ರು, ಡ್ರೈವರ್ ಇದ್ದ, ಅತಿಥಿಗಳು ಇದ್ರು. ಅವರೂ ದೀಪ ಮುಟ್ತಾರಾ?"

ಅಲ್ಲಿಯವರೆಗೆ ಬಾಯಿ ಬಿಡದಿದ್ದ ದಮಯಂತಿಯಕ್ಕ ಆಗ ಮಾತಾಡಿದರು.

"ಬೆಳಿಗ್ಗೆಯಿಂದ ಎಲ್ಲ ನೀವೇ ಮಾತಾಡಿದ್ದು. ನನ್ನನ್ನು ಯಾರೂ ಕೇಳ್ಲೇ ಇಲ್ಲ. ನಾನು ಪ್ರಮಾಣ ಮಾಡೋದಿಲ್ಲ. ಠಾಣೆಗೂ ಹೋಗೋದಿಲ್ಲ. ಕೇಳೋದಿದ್ರೆ ಮನೆಗೆ ಬಂದು ಕೇಳ್ಲಿ, ಹೇಳ್ತೇನೆ."

ಅಪ್ಪ ಎದ್ದು ಒಳಗೆ ಹೋಗಿ ಕೀರ್ತಿಕುಮಾರ್‌ಗೆ ಫೋನ್ ಮಾಡಿದರು. ಪ್ರಮಾಣ ಮಾಡಿಸಬಹುದು, ಆದರೆ ಸರ ಕಾಣೆಯಾದ ದಿನ ಹೋಮ್‌ಸ್ಟೇಯಲ್ಲಿದ್ದವರೆಲ್ಲ ಬರಬೇಕು, ಮೊದಲು ನೀವೇ ಬನ್ನಿ ಎಂದರು. ಕೀರ್ತಿಕುಮಾರ್‌ಗೆ ತುಂಬಾ ಕೆಲಸ ಇತ್ತಂತೆ, ಬೇಗ ಫೋನ್ ಇಟ್ಟರು.

ನಾನು ಠಾಣೆಗೆ ಫೋನ್ ಮಾಡಿ ಕಾನೂನು ಏನೆಂದು ಮರ್ಯಾದೆಯಿಂದಲೇ ನೆನಪಿಸಿದೆ. ಮರುದಿನ ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮಹಿಳಾ ಪೊಲೀಸ್ ಜೊತೆ ಅಕ್ಕನ ಮನೆಗೇ ಬಂದರು. ಅಕ್ಕ ಗೊತ್ತಿದ್ದದ್ದನ್ನು ಹೇಳಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಬಂದವರು ಕಾಫಿ ಕುಡಿದು ಹೋದರು. ಇಷ್ಟಕ್ಕೆ ಒಂದು ಇಡೀ ದಿನ ಗಂಟಲು ಹರಿದುಕೊಂಡಿದ್ದೆ.

ವಾರದ ಕೊನೆಗೆ ರೂಮುಗಳು ತುಂಬಿದಾಗ ಕೀರ್ತಿಕುಮಾರ್ ತಾವೇ ಅಕ್ಕನನ್ನು ಕೆಲಸಕ್ಕೆ ಕರೆಯಲು ಬಂದರು. ಗೇಟಿನಲ್ಲಿ ಅವರನ್ನು ನಿಲ್ಲಿಸಿದವರು ದೇರಪ್ಪಣ್ಣ. "ಸಂಶಯ ಇದ್ರೆ ರುಜುವಾತು ತನ್ನಿ. ಇಲ್ಲದಿದ್ರೆ ಅವಳ ಹತ್ರ ತಪ್ಪಾಯ್ತು ಅಂತ ಹೇಳಿ ಕರೀರಿ" ಎಂದರಂತೆ. ಕೀರ್ತಿಕುಮಾರ್ ಅಕ್ಕನ ಹತ್ತಿರ ತಪ್ಪಾಯ್ತು ಎಂದು ಹೇಳಿಯೇ ಕರೆದರು.

ಈ ಕಥೆ ಕೇಳಿದವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ: ಸರ ಸಿಕ್ಕಿತಾ? ಸಿಕ್ಕಿಲ್ಲ. ಸಿಕ್ಕಿದ ಮೇಲೆ ಅಕ್ಕನನ್ನು ನಂಬೋಣ ಎಂದು ಕಾದು ಕೂತಿದ್ದೀರಾ? ಹಾಗಾದರೆ ನಿಮಗೂ ಮೊದಲಿನಿಂದ ಹೇಳಬೇಕು. ಕಳವು ಮಾಡಿಲ್ಲ ಎಂದು ತೋರಿಸುವುದು ಅವರ ಕೆಲಸವಲ್ಲ. ಮಾಡಿದ್ದಾರೆ ಎನ್ನುವವರೇ ಅದನ್ನು ತೋರಿಸಬೇಕು.

ಅಕ್ಕಂದಿರೇ, ಅಣ್ಣಂದಿರೇ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. 15100ಕ್ಕೆ ಫೋನ್ ಮಾಡಿ. ನಿಮ್ಮ ಮನೆಯ ಹೆಂಗಸಿಗೆ ಠಾಣೆಯಿಂದ ಕರೆ ಬಂದರೆ, ತಪ್ಪು ಮಾಡದಿದ್ದರೆ ಹೋಗಿ ಬಾ ಎಂದು ಅವಳನ್ನು ಕಳಿಸಿಬಿಡಬೇಡಿ. ಅವಳ ಪಕ್ಕದಲ್ಲಿ ನಿಂತು, ನೋಟಿಸ್ ಎಲ್ಲಿ ಎಂದು ನೀವೇ ಕೇಳಿ.