ಝೆರಾಕ್ಸ್ ಅಂಗಡಿಯ ಗುಲಾಬಿಗಳು

"ಇನ್ಮೇಲೆ ನಿನ್ ಬ್ಯಾಗು, ನಿನ್ ಫೋನು, ಯಾವ್ದನ್ನೂ ಮುಟ್ಟಲ್ಲ ಕಣವ್ವ. ಪಟಾಲಮ್ಮನಾಣೆ," ಎಂದು ಅನಂತರಾಜು ಮಗಳಿಗೆ ಮಾತು ಕೊಟ್ಟಾಗ ಶರ್ವಾಣಿ ಇನ್ನೂ ಹೈಸ್ಕೂಲಿನಲ್ಲಿದ್ದಳು.

ಅದಕ್ಕೆ ಕೆಲವು ದಿನ ಮೊದಲು ಯಾರೋ ಏನೋ ಹೇಳಿದ್ದನ್ನು ನಂಬಿ ಅವನು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಸ್ಕೂಲ್ ಬ್ಯಾಗನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ ಸುರಿದಿದ್ದ. ನೋಟ್ಸು, ಟಿಫಿನ್ ಡಬ್ಬಿ, ಅದರ ಹಿಂದೆಯೇ ನ್ಯೂಸ್ ಪೇಪರಿನಲ್ಲಿ ಸುತ್ತಿದ್ದ ಪ್ಯಾಡುಗಳು ಒಂದೊಂದೇ ಜಾರಿ ಕೆಳಗಿನ ಮೆಟ್ಟಿಲಿಗೆ ಬಿದ್ದವು. ಗೇಟಿನ ಹತ್ತಿರ ಅವಳ ಗೆಳತಿಯರು ನಿಂತಿದ್ದರು. ಶರ್ವಾಣಿ ಅಳಲಿಲ್ಲ. ಎಲ್ಲವನ್ನೂ ಆರಿಸಿಕೊಂಡು ಅಪ್ಪನನ್ನು ದಾಟಿ ಒಳಗೆ ಹೋದಳು. ಅವಳು ಮತ್ತೆ ಅವನ ಜೊತೆ ಮಾತಾಡಿದ್ದು ಈ ಆಣೆ ಆದ ಮೇಲೆ.

ಈಗ ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಶೆಟ್ಟಿಹಳ್ಳಿಯ ಮನೆಯಲ್ಲಿ ಅವಳ ಫೋನು ಸೋಫಾದ ಮೇಲೋ ಫ್ರಿಜ್ಜಿನ ಮೇಲೋ ಬಿದ್ದಿರುತ್ತದೆ. ಅದು ಹೊಡೆದುಕೊಂಡರೆ ಅನಂತರಾಜು, "ಶರು, ನಿನ್ ಫೋನು," ಎಂದು ಕೂಗುತ್ತಾನೆಯೇ ಹೊರತು ಯಾರದೆಂದು ನೋಡುವುದಿಲ್ಲ. ಈ ಒಂದು ವಿಷಯದಲ್ಲಿ ಅವನಿಗೆ ತನ್ನ ಬಗ್ಗೆ ಹೆಮ್ಮೆಯಿತ್ತು.

ನಾಗಸಂದ್ರದ ಆಚೆ, ಬಿಸ್ಕತ್ತು ಪ್ಯಾಕ್ ಮಾಡುವ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ಈ ವರ್ಷ ಒಂದು ಯಂತ್ರ ಕೀನ್ಯಾದ ಮೊಂಬಾಸಾಗೆ ಹೋಯಿತು. ಅದನ್ನು ಕೂರಿಸಿ ಓಡಿಸಿ ತೋರಿಸಲು ಅವನನ್ನೂ ಮೊಯಿನುದ್ದೀನನನ್ನೂ ಕಳಿಸುವುದೆಂದಾಯಿತು. ಮೊಯಿನುದ್ದೀನ್ ಇಂಥ ಕೆಲಸಕ್ಕೆ ನಾಲ್ಕಾರು ದೇಶ ಸುತ್ತಿದವನು. ಅನಂತರಾಜು ವಿಮಾನ ಹತ್ತುತ್ತಿರುವುದು ಇದೇ ಮೊದಲು.

"ಫೋನ್ ಯಾವ್ದು ನಿಂದು, ತೋರ್ಸು," ಎಂದು ಕ್ಯಾಂಟೀನಿನಲ್ಲಿ ಮೊಯಿನುದ್ದೀನ್ ಕೈ ಚಾಚಿದ. ನೋಡಿ ನಕ್ಕ. "ಅಯ್ಯೋ ಗುರು, ಇದು ಸಿಮ್ ಕಂಪನಿಯೋರೇ ಕಮ್ಮಿಗ್ ಕೊಟ್ಟಿರೋ ಫೋನು. ಅವ್ರ್ ಸಿಮ್ ಬಿಟ್ಟು ಬೇರೆ ಹಾಕಿದ್ರೆ ಓಡಲ್ಲ ಇದು."

"ಯಾಕ್ ಓಡಲ್ಲ? ಸಿಮ್ ಎಲ್ಲಾ ಒಂದೇ ಸೈಜು ತಾನೆ."

"ಸೈಜ್ ಅಲ್ವೋ ಮಾರಾಯ, ಲಾಕು." ತನ್ನ ಸಿಮ್ಮನ್ನು ತೆಗೆದು ಅದಕ್ಕೆ ಹಾಕಿ ತೋರಿಸಿದ. ಈ ಸಿಮ್ ಇಲ್ಲಿ ನಡೆಯುವುದಿಲ್ಲ ಎಂಬ ಅರ್ಥದ ಒಂದು ಸಾಲು ಬಂದು ಪರದೆ ಸುಮ್ಮನಾಯಿತು. "ನೋಡ್ದಾ? ಒಬ್ರಿಗೇ ತಾಳಿ ಕಟ್ಟಿದೆ ಇದು. ಅಲ್ಲಿ ಇದನ್ನ ಇಟ್ಕೊಂಡು ಟೈಮ್ ನೋಡ್ಬೋದು, ಟಾರ್ಚ್ ಹಾಕ್ಬೋದು. ಅಷ್ಟೇ. ಮನೇಲಿ ಇನ್ಯಾರದಾದ್ರೂ ಇದ್ರೆ ತಗೊಂಡ್ ಬಾ."

ಮನೆಯಲ್ಲಿ ಲಾಕ್ ಇಲ್ಲದ ಫೋನು ಶರ್ವಾಣಿಯದೊಂದೇ. ಕೇಳಲು ಅವನಿಗೆ ಬಾಯಿ ಬರಲಿಲ್ಲ. ಹೆಂಡತಿ ಯಶೋಧಾಳೇ ಕೇಳಿದಳು. ಶರ್ವಾಣಿ ಸ್ವಲ್ಪ ಹೊತ್ತು ಉಗುರು ಕಚ್ಚಿದಳು.

"ನನ್ ಸಿಮ್ ಅಪ್ಪನ್ ಫೋನಲ್ಲಿ ಓಡಲ್ವಲ್ಲಮ್ಮ. ನಾನು ಅಪ್ಪನ್ ಸಿಮ್ಮಲ್ಲೇ ಇರ್ಬೇಕಾಗುತ್ತೆ." ಅಪ್ಪನ ಕಡೆ ತಿರುಗಿದಳು. "ನನ್ ವಾಟ್ಸ್ಯಾಪು ಅದ್ರಲ್ಲೇ ಇರುತ್ತೆ. ಅಲ್ಲಿನ ಸಿಮ್ ಹಾಕಿದ್ರೂ ನನಗ್ ಬರೋದೆಲ್ಲ ಅದಕ್ಕೇ ಬರುತ್ತೆ. ನಮ್ಗೆ ಕಾಲ್ ಮಾಡೋಕೆ ಮಾತ್ರ ತೆಗಿ."

"ಬೇಕಾದ್ರೆ ವಾಟ್ಸ್ಯಾಪಿಗೊಂದು ಲಾಕ್ ಆಕ್ಬುಡವ್ವ," ಎಂದ ಅನಂತರಾಜು.

"ಯಾಕೆ, ನೀನು ಮಾತ್ ಕೊಟ್ಟಿದ್ದೀಯಲ್ಲ," ಎಂದು ಚಾರ್ಜರ್ ಸಮೇತ ಫೋನನ್ನು ಅವನ ಕೈಗಿಟ್ಟಳು.

ವಿಮಾನ ಇಳಿಯುವಾಗ ಅವನ ಬಲಗಿವಿಯೊಳಗೆ ಯಾರೋ ಸೂಜಿ ತಿರುಗಿಸಿದಂತಾಯಿತು. ಇಳಿದ ಮೇಲೂ ಆ ಕಿವಿ ಮುಚ್ಚಿಕೊಂಡೇ ಇತ್ತು. ನಿಲ್ದಾಣದ ಅಂಗಡಿಯ ಹುಡುಗಿ ಅಲ್ಲಿನ ಸಿಮ್ ಹಾಕಿಕೊಟ್ಟ ಕೂಡಲೇ ಫೋನಿನ ತಲೆಯ ಮೇಲೆ ಸಿಗ್ನಲ್ ಗೆರೆಗಳು ಮೂಡಿದವು. ಅವನು ಸದ್ದನ್ನೆಲ್ಲ ಪೂರ್ತಿ ಏರಿಸಿ, ಎಡಗಿವಿಗೆ ಹಿಡಿದು ಮನೆಗೆ ಮಾತಾಡಿದ. ಕಿವಿಯ ವಿಷಯ ಹೇಳಲಿಲ್ಲ. ಹೇಳಿದರೆ ಯಶೋಧಾ ಊಟ ಬಿಡುತ್ತಾಳೆ.

ಮೊದಲ ದಿನಗಳಲ್ಲಿ ಅವನು ಆಣೆಯಂತೆಯೇ ನಡೆದ. ಫೋನು ಟಿಂಗ್ ಎಂದರೆ ಮುಖ ತಿರುಗಿಸುತ್ತಿದ್ದ. ಆದರೆ ಟೈಮ್ ನೋಡಲು ಪರದೆ ಬೆಳಗಿಸಿದರೂ ಸಾಕು, ಬಂದದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಬಿದ್ದದ್ದು ಮಂಜಿನ ಹನಿ ಹೊತ್ತ ಕೆಂಪು ಗುಲಾಬಿ. ಕೆಳಗೆ 'ಶುಭೋದಯ ಚಿನ್ನ'. ಮೇಲೆ ಕಳಿಸಿದವರ ಹೆಸರು: ಝೆರಾಕ್ಸ್ ಅಂಗಡಿ.

ಮರುದಿನ ಹಳದಿ ಗುಲಾಬಿ. ಅದರ ಮರುದಿನ ಗುಲಾಬಿಯ ಜೊತೆಗೆ ಎರಡು ಹಂಸ.

"ಮೊಯಿನು, ಝೆರಾಕ್ಸ್ ಅಂಗಡಿಯೋನು ಗುಲಾಬಿ ಯಾಕ್ ಕಳಿಸ್ತಾನೆ?"

ಮೊಯಿನುದ್ದೀನ್ ಕನ್ವೇಯರ್ ಕೆಳಗಿನಿಂದಲೇ ತಲೆ ಹೊರಗೆ ಹಾಕಿದ. "ಯಾರಿಗೆ? ನಿಂಗಾ?"

"ನನ್ ಮಗಳಿಗೆ."

"ಹೆಸ್ರು ಬೇರೆ ಇಟ್ಟು ಸೇವ್ ಮಾಡಿದಾಳೆ ಅಂದ್ರೆ ಝೆರಾಕ್ಸ್ ಅಲ್ಲ ಗುರು, ಒರಿಜಿನಲ್ಲೇ." ತಾನೇ ಹೇಳಿದ್ದಕ್ಕೆ ತಾನೇ ನಕ್ಕು, ಅನಂತರಾಜುವಿನ ಮುಖ ನೋಡಿ ನಿಲ್ಲಿಸಿದ. "ಫೋಟೋ ಹೆಂಗಿದೆ ಅವ್ನ್ದು?"

"ಫೋಟೋ ಇಲ್ಲ. ಬೆಣ್ಣೆ ಕೃಷ್ಣ ಅವ್ನೆ."

"ಕಳ್ಳ ನನ್ಮಗ, ದೇವ್ರನ್ನ ಬೇರೆ ಮುಂದಿಟ್ಟವ್ನೆ." ಆಮೇಲೆ ಸ್ಪ್ಯಾನರ್ ಒರೆಸಿಕೊಳ್ಳುತ್ತ, "ಬಿಡೋ, ದೊಡ್ಡವಳಾಗಿದಾಳೆ. ಊರಿಗೋದ್ಮೇಲೆ ಕೇಳು. ಫೋನ್ ಬಿಚ್ಬೇಡ," ಎಂದ.

ಆ ಮಧ್ಯಾಹ್ನ ಯಂತ್ರ ಮೊದಲ ಸಲ ನಿಲ್ಲದೆ ಓಡಿತು. ಎಲ್ಲರೂ ಊಟಕ್ಕೆ ಹೋದರು. ಅನಂತರಾಜು ಖಾಲಿ ರಟ್ಟಿನ ಡಬ್ಬಗಳ ಹಿಂದೆ ಕೂತ. ಫೋನು ಟಿಂಗ್ ಎಂದಿತು. ಈ ಸಲ ಹೂವಲ್ಲ. ಝೆರಾಕ್ಸ್ ಅಂಗಡಿಯಿಂದ ಮಾತಿನ ಸಂದೇಶ. ಬಿಚ್ಚಬಾರದೆಂದು ಅವನಿಗೆ ಗೊತ್ತಿತ್ತು. ಮೆಟ್ಟಿಲು, ಗೇಟು, ಗೆಳತಿಯರು, ಎಲ್ಲ ನೆನಪಿತ್ತು. ಹುಡುಗನ ದನಿ ಒಂದು ಸಲ ಕೇಳಿದರೆ ಅವನು ಎಂಥವನೆಂದು ಗೊತ್ತಾಗುತ್ತದೆ, ಅಪ್ಪನಾದವನಿಗೆ ಅಷ್ಟೂ ಬೇಡವೇ ಎಂದುಕೊಂಡ. ಹಾಗೆ ಅಂದುಕೊಳ್ಳುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು.

"ಕೂಸೇ, ಯಾಕವ್ವ ಮಾತಾಡ್ತಿಲ್ಲ ನೀನು? ನಿಮ್ಮಪ್ಪ ಇಮಾನದಾಗೆ ಓಗವ್ನಂತಲ್ಲ, ಮೊದ್ಲೇ ಏಳ್ಬೇಕಿತ್ತು ನಾನು, ಮರ್ತೇಬುಟ್ಟೆ. ಚಿಕ್ಕೋನಾಗಿದ್ದಾಗ ಅವ್ನಿಗೆ ಬಲಗಿವಿ ಸೋರ್ತಿತ್ತು ಕಣೆ. ನಾನೇ ಬೆಳ್ಳುಳ್ಳಿ ಎಣ್ಣೆ ಕಾಯ್ಸಿ ಬುಡ್ತಿದ್ದೆ. ಮ್ಯಾಲಕ್ಕೋದ್ರೆ ಅದು ನೋಯ್ತದೆ. ಬರೋವಾಗ್ಲಾದ್ರೂ ಕಿವಿಗೆ ಒಸಿ ಅತ್ತಿ ಇಟ್ಕೊಳ್ಳಾಕೆ ಏಳು. ನಾನೇಳ್ದೆ ಅನ್ಬ್ಯಾಡ, ಇಟ್ಕೊಳ್ಳಾಕಿಲ್ಲ ಅವ್ನು."

ಅದು ಅವನ ಅಕ್ಕ ನಾಗಲಕ್ಷ್ಮಿಯ ದನಿ.

ಅಕ್ಕನ ದನಿ ಅವನ ಕಿವಿಗೆ ಬೀಳದೆ ವರ್ಷಗಳಾಗಿದ್ದವು. ಶೆಟ್ಟಿಹಳ್ಳಿಯ ಮನೆಯ ಗೃಹಪ್ರವೇಶದ ಬೆಳಿಗ್ಗೆ, ಹಸುವಿನ ಹಗ್ಗ ಹಿಡಿದುಕೊಂಡು ಅವಳು ಬಾಗಿಲ ಮುಂದೆ ನಿಂತಿದ್ದಳು. ಭಾವ ಸತ್ತು ಆಗ ಕೆಲವೇ ತಿಂಗಳು. ಹಿಂದಿನಿಂದ ಯಾರೋ ಗೊಣಗಿದರು. ಅವನು ಅಕ್ಕನ ಕೈಯಿಂದ ಹಗ್ಗ ತೆಗೆದುಕೊಂಡು, "ನಾಗಕ್ಕ, ಅಸು ಒಳಿಕ್ ಓಗೋವರ್ಗೂ ನೀನು ಇತ್ಲಾಗಿರು," ಎಂದ. ಅವಳು ಹಿತ್ತಲ ಕಡೆಗೆ ಹೋದಳು. ಹಸು ಒಳಗೆ ಹೋಯಿತು, ಹಾಲು ಉಕ್ಕಿತು, ಎಲೆ ಹಾಕಿದರು. ಊಟಕ್ಕೆ ಕರೆಯಲು ಹಿತ್ತಲಿಗೆ ಹೋದರೆ ಅಕ್ಕ ಇರಲಿಲ್ಲ. ಅಕ್ಕ ಇದ್ದ ಚಿಕ್ಕಬಾಣಾವರ ಎಷ್ಟು ಮಹಾ ದೂರ, ಅವನು ಒಂದು ಸಲವೂ ಹೋಗಲಿಲ್ಲ. ಹೋಗಿ ಏನು ಹೇಳುವುದೆಂದು ಗೊತ್ತಾಗಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಬರಲಿಲ್ಲವೆಂದರೆ ಏನು ಹೇಳುವುದೆಂದು ಗೊತ್ತಾಗಲಿಲ್ಲ. ಮನೆಯಲ್ಲಿ ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ.

ಅಲ್ಲಿಗೇ ಫೋನು ಮುಚ್ಚಿಟ್ಟಿದ್ದರೂ ಆಗುತ್ತಿತ್ತು. ಅವನು ಮೇಲಕ್ಕೆ ಸರಿಸುತ್ತ ಹೋದ. ಗುಲಾಬಿಗಳು, ಹಂಸಗಳು, ಶುಕ್ರವಾರದ ಲಕ್ಷ್ಮಿಯರು. ಭಾನುವಾರ ಬರುತ್ತೀಯಾ, ಬಸ್ಸಾರು ಮಾಡುತ್ತೇನೆ ಎಂಬ ಮಾತುಗಳು. ಇನ್ನೂ ಮೇಲೆ, ಶರ್ವಾಣಿ ಕಳಿಸಿದ ಫೋಟೋಗಳು: ಅವನ ಮನೆಯ ಹಾಲ್, ಅಡುಗೆಮನೆ, ದೇವರ ಮನೆಯ ಬಾಗಿಲು, ಮಹಡಿ ಮೆಟ್ಟಿಲು. ಒಂದೊಂದು ಫೋಟೋದ ಕೆಳಗೂ ಅಕ್ಕನ ದನಿ.

"ಒಲೆ ಕಟ್ಟೆ ಎತ್ರ ಆಯ್ತು, ನಿಮ್ಮವ್ವ ಕುಳ್ಳಿ."

"ದ್ಯಾವ್ರ ಮನೆ ಬಾಗ್ಲು ಚೆಂದಾಗೈತೆ. ತೇಗಾ?"

"ಹಾಲ್ ಬೋ ದೊಡ್ಡದು ಕಣೆ. ನಾನು ಹಿತ್ಲು ಒಂದೇ ನೋಡಿದ್ದು."

ಕೊನೆಯದನ್ನು ಅವನು ಎರಡನೇ ಸಲ ಕೇಳಲಿಲ್ಲ. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ ಕೂತ. ರಟ್ಟಿನ ಡಬ್ಬಗಳ ಆಚೆ ಮೊಯಿನುದ್ದೀನ್, "ಊಟಕ್ಕ್ ಬಾರೋ," ಎಂದು ಕೂಗಿದರೂ ಏಳಲಿಲ್ಲ. ಅತ್ತೆಯ ಹತ್ತಿರ ಹೋಗಿ ಬರಲು ತನ್ನ ಮಗಳು ಅವಳಿಗೆ ಝೆರಾಕ್ಸ್ ಅಂಗಡಿಯ ಬೋರ್ಡು ಹಾಕಬೇಕಾಗಿತ್ತು. ಅದು ತನಗೆ ಹೆದರಿ. ಅಲ್ಲ, ತನ್ನ ಮುಖ ಉಳಿಸಲು. ಯಾವುದೆಂದು ಅವನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾಗಿದ್ದರೂ ಅವನು ತಲೆ ಎತ್ತುವಂತಿರಲಿಲ್ಲ.

ಅದಾದ ಮೇಲೆ ಮಾಡಿದ್ದು ಇನ್ನೂ ಸಣ್ಣತನದ ಕೆಲಸ. ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದರೆ, ನೋಡಿದ್ದನ್ನು ನೋಡಿಲ್ಲವೆಂದು ಗುರುತು ಮಾಡಬಹುದೆಂದು ಹುಡುಕಿ ತಿಳಿದುಕೊಂಡ. ಹಸಿರು ಚುಕ್ಕೆ ಮತ್ತೆ ಬಂತು. ನೈವೇದ್ಯಕ್ಕಿಟ್ಟದ್ದನ್ನು ಎಂಜಲು ಮಾಡಿ ತಟ್ಟೆ ಮುಚ್ಚಿದವನ ಹಾಗೆ ಆಚೀಚೆ ನೋಡಿ ಎದ್ದ.

ಹೊರಡುವ ದಿನ ಕಾರ್ಖಾನೆಯ ಔಷಧಿ ಪೆಟ್ಟಿಗೆಯಿಂದ ಒಂದು ಉಂಡೆ ಹತ್ತಿ ಕೇಳಿ ಪಡೆದ. ವಿಮಾನ ಏರುವ ಮೊದಲು ಬಲಗಿವಿಗೆ ಇಟ್ಟುಕೊಂಡ. ಈ ಸಲ ಅಷ್ಟು ನೋಯಲಿಲ್ಲ. ಇಳಿದ ಮೇಲೆ ತೆಗೆದರೆ ಮತ್ತೆ ಶುರುವಾಗುತ್ತದೇನೋ ಎಂದು ಹಾಗೇ ಬಿಟ್ಟ. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ಯಾಕ್ಸಿ ನಿಂತು ನಿಂತು ಸಾಗುವಾಗ ಅಕ್ಕನಿಗೆ ಹೇಳಬೇಕಾದ ಮಾತನ್ನು ಜೋಡಿಸಲು ನೋಡಿದ. 'ನಾಗಕ್ಕ' ಎನ್ನುವುದರ ಮುಂದೆ ಏನೂ ಕೂಡಲಿಲ್ಲ. ಜಾಲಹಳ್ಳಿ ದಾಟುವಷ್ಟರಲ್ಲಿ ಹತ್ತಿಯ ನೆನಪೂ ಹೋಗಿತ್ತು.

ಮನೆಯಲ್ಲಿ ಯಶೋಧಾ ಕಾಫಿಗೆ ಇಟ್ಟಳು. ಶರ್ವಾಣಿ ಮೊದಲು ಅಪ್ಪನ ಸೂಟ್‌ಕೇಸು ಒಳಗಿಟ್ಟು, ಆಮೇಲೆ ಸೋಫಾದಲ್ಲಿ ಕಾಲು ಮಡಿಸಿ ಕೂತು ಪಿನ್ನಿನಿಂದ ಆ ದೇಶದ ಸಿಮ್ ತೆಗೆದಳು. ತನ್ನದನ್ನು ಹಾಕಿದಳು. ಅವನ ಲಾಕಿನ ಫೋನನ್ನು ಟೀಪಾಯ್ ಮೇಲೆ ಅವನ ಕಡೆಗೆ ಸರಿಸಿದಳು.

"ಏನೂ ತೊಂದ್ರೆ ಆಗ್ಲಿಲ್ವಾ ಅಪ್ಪ?"

"ಫಸ್ಟ್ ಕ್ಲಾಸ್ ಓಡ್ತು."

"ನನ್ ಮೆಸೇಜು ಏನಾದ್ರೂ ತೆಗ್ದ್ಯಾ?" ದನಿಯಲ್ಲಿ ಅನುಮಾನವಿರಲಿಲ್ಲ. ಸುಮ್ಮನೆ ಕೇಳಿದಂತಿತ್ತು.

"ನಾನ್ಯಾಕ್ ತೆಗೀಲಿ? ಪಟಾಲಮ್ಮನಾಣೆ, ಮುಟ್ಟಿಲ್ಲ."

ಶರ್ವಾಣಿ ತಲೆಯಾಡಿಸಿದಳು. ಹಸಿರು ಚುಕ್ಕೆಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದಳು. ಝೆರಾಕ್ಸ್ ಅಂಗಡಿಯ ಸಂದೇಶ ಒತ್ತಿ, ಗುಟ್ಟಾಗಿ ಕೇಳಲೆಂದು ಫೋನನ್ನು ಕಿವಿಯತ್ತ ಎತ್ತುತ್ತಿದ್ದಳು. ಅವನು ಸದ್ದನ್ನು ಕೊನೆಯವರೆಗೆ ಏರಿಸಿಟ್ಟಿದ್ದ. ನಾಗಲಕ್ಷ್ಮಿಯ ದನಿ ಹಾಲ್ ತುಂಬ ಮೊಳಗಿತು.

"...ಬಲಗಿವಿ ಸೋರ್ತಿತ್ತು ಕಣೆ... ಬರೋವಾಗ್ಲಾದ್ರೂ ಕಿವಿಗೆ ಒಸಿ ಅತ್ತಿ ಇಟ್ಕೊಳ್ಳಾಕೆ ಏಳು..."

ಯಶೋಧಾ ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. ಶರ್ವಾಣಿ ಗಾಬರಿಯಲ್ಲಿ ಸದ್ದು ಇಳಿಸಲು ಬೆರಳಾಡಿಸುತ್ತ, ಬಯ್ಯುತ್ತಾನೋ ಏನೋ ಎಂದು ಅಪ್ಪನ ಮುಖ ನೋಡಿದಳು. ನೋಟ ಮುಖದಿಂದ ಪಕ್ಕಕ್ಕೆ ಸರಿದು ಅಲ್ಲೇ ನಿಂತಿತು. ಬೆರಳೂ ನಿಂತಿತು.

"ಕಿವೀಲಿ ಏನಪ್ಪ ಅದು?"

ಅನಂತರಾಜುವಿನ ಕೈ ತಾನಾಗಿ ಬಲಗಿವಿಗೆ ಹೋಯಿತು. ಹತ್ತಿ ಅಲ್ಲೇ ಇತ್ತು. ಅವನು ಅದನ್ನು ತೆಗೆಯಲೂ ಇಲ್ಲ, ಕೈ ಇಳಿಸಲೂ ಇಲ್ಲ.

"ಇಟ್ಕೊಂಡಿದ್ದ ಅಂತ ಅತ್ತೆಗೆ ಹೇಳ್ತೀನಿ ಬಿಡು," ಎಂದು ಶರ್ವಾಣಿ ಫೋನು ತೆಗೆದುಕೊಂಡು ತನ್ನ ರೂಮಿಗೆ ಹೋದಳು.

ಅನಂತರಾಜು ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.