ಕಮಠಾಣದ ಗುಡ್ಡ

ಉಜ್ವಲಾ ತಂದೆಯ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕೆಂಪು ಹೋಗಲೊಲ್ಲದು.

"ಇರ್ಲಿ ಬಿಡವ್ವ," ಎಂದಳು ತಾಯಿ ಕೇಶರಬಾಯಿ. "ಮದವಿ ದಿನಾನೂ ಹೋಗಿರಲಿಲ್ಲ ಅದು."

ಸಾಯಗಾಂವದ ಮನೆಯ ಪಡಸಾಲೆಯಲ್ಲಿ ಅವಳ ತಂದೆ ಗೋರಖನಾಥ ಮಾಸ್ತರರು ಬಿಳಿ ಬಟ್ಟೆ ಹೊದ್ದು ಕಡೆಯ ಸಲ ಮಲಗಿದ್ದರು. ಭಾಲ್ಕಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅಂಗಡಿಯ ಬಣ್ಣ ಅವರಿಗೆ ಸೇರುತ್ತಿರಲಿಲ್ಲ. ಬೀದರದ ಕೆಮ್ಮಣ್ಣು, ಔರಾದದ ಕರಿಮಣ್ಣು ತಂದು ಅರೆದು, ಜಾಲಿಯ ಅಂಟಿನಲ್ಲಿ ಕಲಸಿ, ಯಾವ ನೆಲದ ಚಿತ್ರವೋ ಆ ನೆಲದ ಮಣ್ಣಿನಲ್ಲೇ ಬರೆಯುತ್ತಿದ್ದರು. ಕಡೆಯ ದರ್ಶನಕ್ಕೆ ಬಂದವರು ಗೋಡೆಯ ಮೇಲಿನ ಆ ಚಿತ್ರಗಳ ಕಡೆ ತಿರುಗಿ ದನಿ ತಗ್ಗಿಸುತ್ತಿದ್ದರು. ಚಿತ್ರದೊಳಗಿನ ಬಯಲಿನಿಂದ ಗಾಳಿ ಬಂದಂತಾಗಿ ಒಬ್ಬಳು ಸೆರಗು ಎಳೆದುಕೊಂಡಳು.

ಬುದ್ಧವಂದನೆಯ ತ್ರಿಶರಣ ಹೇಳಿ ಮುಗಿಯುವ ಹೊತ್ತಿಗೆ ಪಿಕಪ್ ಗಾಡಿಯೊಂದು ಬಂದು ನಿಂತಿತು. ಕಮಠಾಣದ ಬಕ್ಕಪ್ಪ ಇಳಿದರು. ಪಾದದ ಬಳಿ ಹೂವಿಟ್ಟು ಕೈಮುಗಿದವರು, ತಲೆಯೆತ್ತಿ ಗೋಡೆಯ ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟರು. ಅದು ಅವರದೇ ಹೊಲದ ಗುಡ್ಡ.

*

ಉಜ್ವಲಾ ಆಗ ಚಿಕ್ಕವಳು. ಹಳದಿ ಫ್ರಾಕು ತೊಟ್ಟು ಗುಡ್ಡದ ಬುಡದಲ್ಲಿ ಆಡುತ್ತಿದ್ದಳು. ಅಪ್ಪ ಬೆಳಗಿನಿಂದ ಒಂದೇ ಕಡೆ ಕುಳಿತಿದ್ದರು. ಗುಡ್ಡ ನಸುಕಿಗೆ ನೀಲಿ, ಮಧ್ಯಾಹ್ನಕ್ಕೆ ಕೆಂಡ, ಸಂಜೆಗೆ ಮಲಗಿದ ಎಮ್ಮೆ. ಬಕ್ಕಪ್ಪನವರ ಹೆಂಡತಿ ಶಿವಕಾಂತಾ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. ಬಕ್ಕಪ್ಪ ನಕ್ಕರು.

"ಏನೂ ಬೆಳ್ಯಾಂಗಿಲ್ರಿ ಮಾಸ್ತರ, ಈ ಗುಡ್ಡದ ಮ್ಯಾಲ."

"ಸಂಜಿಗಿ ನೆರಳು ಬೆಳೀತದ ನೋಡ್ರಿ."

ಮನುಷ್ಯರನ್ನು ಎಂದೂ ಬರೆಯದ ಅಪ್ಪ, ಆ ದಿನ ಗುಡ್ಡದ ಬುಡದಲ್ಲಿ ಒಂದು ಹಳದಿ ಚುಕ್ಕೆ ಇಟ್ಟರು. ಅದು ನಾನೇನಾ ಎಂದು ಉಜ್ವಲಾ ಕೇಳಿದರೆ ನಕ್ಕರೇ ಹೊರತು ಹೇಳಲಿಲ್ಲ.

ಮುಂದೆ ರಸ್ತೆಗೆ ಹಾಸಲು ಮೊರಂ ಮಣ್ಣು ಬೇಕೆಂದು ಬಂದವರಿಗೆ ಬಕ್ಕಪ್ಪ ಗುಡ್ಡ ಕೊಟ್ಟರು. ಟಿಪ್ಪರುಗಳು ಅದನ್ನು ಹೊತ್ತು ಮುಗಿಸಿದವು. ಅಪ್ಪ ಸಿಟ್ಟಾಗಲಿಲ್ಲ, ಕಮಠಾಣದ ದಾರಿಯನ್ನೇ ಬಿಟ್ಟರು. ಯಾರು ಕೇಳಿದರೂ ಆ ಚಿತ್ರ ಮಾತ್ರ ಗೋಡೆಯಿಂದ ಇಳಿಯಲಿಲ್ಲ.

*

"ನಮ್ಮಾಕಿ ಎಲ್ಲಾ ಮರ್ತಾಳ, ತಂಗಿ," ಎಂದರು ಬಕ್ಕಪ್ಪ, ಚಿತ್ರದಿಂದ ಕಣ್ಣು ತೆಗೆಯದೆ. "ನನ್ನ ಹೆಸರೂ ಮರ್ತಾಳ. ಹೊತ್ತು ಮುಳುಗಿದ್ರ ಕಿಡಕ್ಯಾಗ ನಿಂತು, ಗುಡ್ಡ ಎಲ್ಲಿ ಹೋಯ್ತು ಅಂತ ಕೇಳ್ತಾಳ. ನಾ ಏನ್ ಹೇಳ್ಲಿ?"

ಆ ಚಿತ್ರ ಕೊಡಿರೆಂದು ಮಾಸ್ತರರನ್ನೇ ಕೇಳಬೇಕೆಂದು ಎಷ್ಟೋ ಸಲ ಭಾಲ್ಕಿಯ ತನಕ ಬಂದು, ಮುಖ ತೋರಿಸಲಾರದೆ ತಿರುಗಿ ಹೋಗಿದ್ದರಂತೆ.

ಹೆಣ ಮನೆಯಲ್ಲಿರುವಾಗ ಯಾವುದನ್ನೂ ಹೊರಗೆ ಕೊಡಬಾರದು ಎಂದು ಯಾರೋ ಗೊಣಗಿದರು. ಉಜ್ವಲಾ ತಾಯಿಯ ಕಡೆ ನೋಡಿದಳು.

"ಅದು ನಿಂದು," ಎಂದಳು ಕೇಶರಬಾಯಿ. "ನೀನೇ ಹೇಳು."

ಆ ಮನೆಯಿಂದ ಉಜ್ವಲಾ ಬಯಸಿದ್ದು ಅದೊಂದನ್ನೇ. ಅವಳು ಹಳದಿ ಚುಕ್ಕೆಯ ಮೇಲೆ ಬೆರಳಿಟ್ಟಳು. ಆಮೇಲೆ ಚಿತ್ರವನ್ನು ಮೊಳೆಯಿಂದ ಬಿಡಿಸಿದಳು.

"ಬಿಸಿಲಿಗಿ ಇಡಬ್ಯಾಡ್ರಿ, ಕಾಕಾ. ಹೊತ್ತು ಮುಳುಗೂ ಕಡಿ ಗ್ವಾಡಿಗಿ ಹಾಕ್ರಿ."

ಹೊಲದಲ್ಲಿ ಮಾಸ್ತರರಿಗೆ ಮಣ್ಣು ಕೊಟ್ಟು ಎಲ್ಲರೂ ಬದುವಿನ ಮೇಲೆ ಕುಳಿತಿದ್ದಾಗ ಪಿಕಪ್ ಹೊರಟಿತು. ಗಾಡಿಯ ಹಿಂಭಾಗದಲ್ಲಿ ನಿಂತ ಬಕ್ಕಪ್ಪ ಚಿತ್ರವನ್ನು ಎರಡೂ ಕೈಗಳಿಂದ ಎದೆಗೆ ಆನಿಸಿ ಹಿಡಿದಿದ್ದರು. ಹೂಬಿಟ್ಟ ತೊಗರಿಯ ಮೇಲೆ, ಎಂದೂ ಗುಡ್ಡ ಕಾಣದ ಆ ಕರಿನೆಲದಲ್ಲಿ, ಕೆಂಪು ಗುಡ್ಡವೊಂದು ಮೆಲ್ಲಗೆ ತೂಗಾಡುತ್ತ ಹೋಗುತ್ತಿತ್ತು. ಮೇಯುತ್ತಿದ್ದ ಆಡುಗಳು ತಲೆಯೆತ್ತಿ, ಅದು ದಾಟುವ ತನಕ ನೋಡಿದವು.